ಬಿಯರಿನ ಊರುಗಳನ್ನು ನೋಡಹೊರಟವರಿಗೆ

ಊರೂರು ಸುತ್ತಿ ಅಲ್ಲಲ್ಲಿಯ ಬಿಯರಿನ ರುಚಿಯನ್ನೂ ಅದು ಸಿದ್ಧವಾಗುವ ಬಗೆಯನ್ನೂ ಕಂಡುಬರುವುದು ಈಚೆಗೆ ಒಂದು ಬಗೆಯ ಪ್ರವಾಸವೇ ಆಗಿದೆ. ನಾಗಪುರದ ನಮ್ಮ ತರುಣರಲ್ಲಿಯೂ, ರಜೆ ಸಿಕ್ಕಿದೊಡನೆ ಸಂಘಮಿತ್ರಾ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗುವವರು ಲಾಲ್‌ಬಾಗಿನ ಜೊತೆಗೆ ಇಂದಿರಾನಗರದ ಬ್ರೂವರಿಗಳನ್ನೂ ನೋಡಿಬರುವ ಮಾತನ್ನಾಡುತ್ತಿದ್ದಾರೆ. ಹಿರಿಯರು ಇದನ್ನು ಕೇಳಿ ಕಿವಿ ಮುಚ್ಚಿಕೊಳ್ಳುವುದು ಸಹಜ. ನಾವಂತೂ ಯಾರಿಗೂ ಕುಡಿಯಿರೆಂದು ಹೇಳುವವರಲ್ಲ. ಆದರೆ ಹೊಟೇಲಿನ ಅನ್ನ ಉಣ್ಣುವ ಸಮಾಜದವರು ನೋಡಲು ಹೊರಟ ಮೇಲೆ ಏನನ್ನು ನೋಡಬೇಕೆಂಬುದನ್ನು ತಿಳಿಸುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಬೆಂಗಳೂರಿಗೂ ಬಿಯರಿಗೂ ಇರುವ ನಂಟು ನಿನ್ನೆ ಮೊನ್ನೆಯದಲ್ಲ. 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನ ಗೃಹಸ್ಥನು ದಕ್ಷಿಣದ ಐದು ಬ್ರೂವರಿಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಕಂಪನಿಯನ್ನು ಕಟ್ಟಿದನು. 1947ರಲ್ಲಿ ಅದರ ಮೊದಲ ಭಾರತೀಯ ಡೈರೆಕ್ಟರರಾದವರು ಬಂಟ್ವಾಳ ಮೂಲದ ವಿಠಲ ಮಲ್ಯರು. ಮರುವರ್ಷವೇ ಅವರು ಅಧ್ಯಕ್ಷರೂ ಆದರು. ಅದೇ ಕಂಪನಿ 2021ರಲ್ಲಿ ಹಾಲೆಂಡಿನ ಹೈನಿಕನ್ ಕಂಪನಿಯ ಹತೋಟಿಗೆ ಹೋಯಿತು. ಈ ನಡುವೆ, 2010ರ ಸುಮಾರಿನಿಂದ, ಬಿಯರನ್ನು ಸ್ಥಳದಲ್ಲಿಯೇ ತಯಾರಿಸಿ ಬಡಿಸುವ ಸಣ್ಣ ಬ್ರೂವರಿಗಳು ನಗರದಲ್ಲಿ ಹುಟ್ಟಿಕೊಂಡಿವೆ. ಕೆಲವೆಡೆ ಮಾವಿನ ಹಣ್ಣನ್ನೂ ನಮ್ಮ ರಾಗಿಯನ್ನೂ ಬಳಸುವುದುಂಟು.

ಅಲ್ಲಿ ಗಾಜಿನ ಆಚೆ ಹೊಳೆಯುವ ಹಂಡೆಗಳನ್ನು ಕಂಡು ನಮ್ಮವರು ಬೆರಗಾಗಬೇಕಿಲ್ಲ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸುತ್ತಾರೆ. ಅದನ್ನು ಒಡೆದು ಬಿಸಿನೀರಿನಲ್ಲಿಟ್ಟು ಸಿಹಿರಸ ತೆಗೆದು, ಕಹಿಗಾಗಿ ಹಾಪ್ಸ್ ಎಂಬ ಬಳ್ಳಿಯ ಹೂ ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿ ಹುದುಗಲು ಬಿಡುತ್ತಾರೆ. ರಾತ್ರಿ ದೋಸೆ ಹಿಟ್ಟು ರುಬ್ಬಿಟ್ಟು, ನಾಗಪುರದ ಮೇ ತಿಂಗಳ ಸೆಕೆಗೆ ಅದು ಹುಳಿಯಾಗದಂತೆ ಕಾಯುವ ನಮ್ಮ ಭಟ್ಟರಿಗೆ ಈ ಹುದುಗಿನ ಮರ್ಮವನ್ನು ಬೇರೆಯಾಗಿ ಹೇಳಿಕೊಡಬೇಕೆ? ಕಸುಬಿನ ಗೌರವದಲ್ಲಿ ಅವರೂ ಇವರೂ ಸಮಾನರು.

ಈ ಕಸುಬಿಗೆ ಹೆಸರಾದ ನಾಡು ಜರ್ಮನಿಯ ಬವೇರಿಯಾ. ಬಾರ್ಲಿ, ಹಾಪ್ಸ್, ನೀರು ಇವಿಷ್ಟರಿಂದಲೇ ಬಿಯರು ಮಾಡತಕ್ಕದ್ದೆಂದು ಅಲ್ಲಿ 1516ರಲ್ಲಿಯೇ ಕಟ್ಟಳೆಯಾಯಿತು. ಬಿಯರನ್ನು ತಂಪಾಗಿಡಲು ನೆಲಮಾಳಿಗೆ ತೋಡಿ, ಮೇಲೆ ನೆರಳಿಗೆಂದು ಚೆಸ್ಟ್‌ನಟ್ ಮರಗಳನ್ನು ನೆಟ್ಟರು. ಮರದಡಿಗೆ ಜನ ಸೇರಿದರು. ಬಿಯರು ತೋಟ ಹುಟ್ಟಿದ್ದು ಹೀಗೆ. ಗಿರಾಕಿಗಳೆಲ್ಲ ಅತ್ತ ಹೋದರೆಂದು ಊರಿನ ಸಣ್ಣ ಹೊಟೇಲಿನವರು ದೂರಿದಾಗ, ತೋಟದವರು ಬಿಯರನ್ನು ಮಾರಬಹುದು, ತಿನ್ನಲು ಮಾತ್ರ ಬ್ರೆಡ್ಡಿನ ಹೊರತು ಬೇರೇನೂ ಮಾರಕೂಡದೆಂದು 1812ರಲ್ಲಿ ರಾಜಾಜ್ಞೆಯಾಯಿತು. ಅಂದಿನಿಂದ ಜನರು ಮನೆಯ ಬುತ್ತಿ ಕಟ್ಟಿಕೊಂಡು ಹೆಂಡಿರು ಮಕ್ಕಳೊಡನೆ ಬಂದು ಹಗಲು ಬೆಳಕಿನಲ್ಲಿ ಕೂಡುವ ರೂಢಿ ಬೆಳೆಯಿತು. ರಾತ್ರಿಯ ಗದ್ದಲದ ಬಗ್ಗೆ ನೆರೆಯವರಿಗೂ ತೋಟಗಳಿಗೂ ವ್ಯಾಜ್ಯ ಬೆಳೆದು, 1999ರ ನಿಯಮದಲ್ಲಿ ಹತ್ತು ಗಂಟೆಗೆ ವಾದ್ಯ, ಹತ್ತೂವರೆಗೆ ಬಡಿಸುವುದು ನಿಲ್ಲಬೇಕೆಂದು ಗೊತ್ತಾಯಿತು. ಬುತ್ತಿಯ ಹಕ್ಕನ್ನೂ ಅದೇ ನಿಯಮ ಉಳಿಸಿತು.

ನೋಡತಕ್ಕದ್ದು ಇದನ್ನೇ ಎಂಬುದು ನಮ್ಮ ಮತ. ಬಿಯರಿಗೆ ಒಂದು ಸಂಸ್ಕೃತಿ ಇದೆಯೆನ್ನುವುದಾದರೆ ಅದು ಬೆಳಕಿನಲ್ಲಿದೆ, ಊಟದಲ್ಲಿದೆ, ಮನೆಮಂದಿಯ ಸಾನ್ನಿಧ್ಯದಲ್ಲಿದೆ, ಹೊತ್ತಿಗೆ ಸರಿಯಾಗಿ ಏಳುವುದರಲ್ಲಿದೆ. ನಮ್ಮ ಊರುಗಳ ಬಾರುಗಳಲ್ಲಿ ಬಹುತೇಕ ಕಾಣುವುದೇನು? ಕಪ್ಪು ಗಾಜಿನ ಬಾಗಿಲು, ಮಂಕುದೀಪ, ತಟ್ಟೆಯಲ್ಲಿ ನಾಲ್ಕು ಶೇಂಗಾಬೀಜ. ಗಿರಾಕಿ ಏಳುವ ತನಕ ಸಪ್ಲೈಯರ್ ಹುಡುಗ ನಿಂತಿರಬೇಕು. ಆಮೇಲೆ ಮೇಜು ಒರೆಸಿ ಅವನು ಚಾಪೆ ಬಿಡಿಸುವಾಗ ನಡುರಾತ್ರಿ ದಾಟಿರುತ್ತದೆ. ದಣಿವಿಗೆಂದು ಉಳಿದ ಶೀಷೆಯಿಂದ ಆರಂಭವಾದ ಚಟ ಅವನ ಸಂಬಳವನ್ನೂ ಊರಿನಲ್ಲಿ ಕಾಯುವ ತಾಯಿಯ ನಿರೀಕ್ಷೆಯನ್ನೂ ನುಂಗುತ್ತದೆ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ ತನ್ನ ವ್ಯಾಪ್ತಿಯ ಸಂಸ್ಥೆಗಳಲ್ಲಿ ಹೆಚ್ಚುವರಿ ದುಡಿಮೆಗೆ ಇಮ್ಮಡಿ ವೇತನ ವಿಧಿಸಿದೆ. ಅದು ಕಾಗದದಿಂದ ಇಳಿದು ಹುಡುಗನ ಕೈಸೇರುವಂತೆ ನೋಡುವುದು ಮಾಲೀಕರ ಧರ್ಮ. ನಾವೂ ಗಲ್ಲಾದಲ್ಲಿ ಕುಳಿತವರಾದುದರಿಂದ ಇದನ್ನು ಸಂಕೋಚವಿಲ್ಲದೆ ಹೇಳುತ್ತೇವೆ.

ನಾಗಪುರದ ಮಗ್ಗುಲಲ್ಲೇ ವರ್ಧಾ ಜಿಲ್ಲೆಯಿದೆ. ಗಾಂಧೀಜಿಯವರು 1936ರಿಂದ ನೆಲೆಸಿದ ಸೇವಾಗ್ರಾಮ ಅಲ್ಲಿದೆ. ಆ ಜಿಲ್ಲೆಯಲ್ಲಿ ಪಾನನಿಷೇಧವೂ ಇದೆ. ಅತ್ತ ಚಂದ್ರಪುರದಲ್ಲಿ 2015ರಲ್ಲಿ ಹೇರಿದ ನಿಷೇಧವನ್ನು 2021ರಲ್ಲಿ ಸರಕಾರ ತೆಗೆದುಹಾಕಿತು. ಕಾನೂನು ಬರಬಹುದು, ಹೋಗಬಹುದು; ಮನುಷ್ಯನ ಮಿತಿಯನ್ನು ಅವನೇ ಕಾಯ್ದುಕೊಳ್ಳಬೇಕು.

ಆದುದರಿಂದ ಹೋಗುವ ತರುಣರು ಹೋಗಿಬರಲಿ. ಊರಿಗೆ ಕಳುಹಿಸಬೇಕಾದ ಹಣವನ್ನು ಮೊದಲು ಕಳುಹಿಸಿ, ಉಳಿದುದರಲ್ಲಿ ಟಿಕೆಟು ಕೊಳ್ಳಲಿ. ಹಂಡೆಯ ಬಳಿ ನಿಂತು ಕೆಲಸ ಕೇಳಿ ತಿಳಿಯಲಿ. ಕಲಿತರೆ ನಾಳೆ ಅನ್ನ ಕೊಡುವ ವಿದ್ಯೆಯದು. ಜೊತೆಗೆ, ಅಲ್ಲಿ ಬಡಿಸುವ ಹುಡುಗನು ಎಷ್ಟು ಗಂಟೆಗೆ ಮನೆಗೆ ಹೋಗುತ್ತಾನೆಂಬುದನ್ನೂ ಒಮ್ಮೆ ವಿಚಾರಿಸಲಿ. ಆ ಸಂಸ್ಥೆಯ ಯೋಗ್ಯತೆ ಅವನ ಉತ್ತರದಿಂದ ತಿಳಿಯುತ್ತದೆ.