ದೊಡ್ಡವರ ಈಜು, ಭಾಗ 4: ‘ಕಾಲು ಜೋರಾಗಿ ಹೊಡೀರಿ’ ಅನ್ನೋದನ್ನ ನಿಲ್ಲಿಸಿ

ಬೆಂಗಳೂರಿನ ಯಾವುದಾದರೂ ಈಜುಕೊಳದಲ್ಲಿ ಬೆಳಗಿನ ಬ್ಯಾಚ್ ನಡೆಯುವಾಗ ಹತ್ತು ನಿಮಿಷ ಸುಮ್ಮನೆ ನಿಂತು ನೋಡಿ. ದಿನಾ ಐದು ಕಿಲೋಮೀಟರ್ ಓಡುವ ಗಟ್ಟಿಮುಟ್ಟಾದ ಹುಡುಗ ಫ್ರೀಸ್ಟೈಲ್‌ನಲ್ಲಿ 25 ಮೀಟರ್ ಮುಗಿಸುವಷ್ಟರಲ್ಲಿ ಗೋಡೆ ಹಿಡಿದು ಏದುಸಿರು ಬಿಡ್ತಿರ್ತಾನೆ. ಪಕ್ಕದ ಲೇನ್‌ನಲ್ಲಿ ಅರವತ್ತು ದಾಟಿದ, ಸ್ವಲ್ಪ ಹೊಟ್ಟೆ ಬಂದ ಯಜಮಾನರೊಬ್ಬರು ನೀರು ಕೂಡ ಚಿಮ್ಮಿಸದೆ ಆ ಕಡೆಯಿಂದ ಈ ಕಡೆಗೆ ಓಡಾಡ್ತಿರ್ತಾರೆ. ಅಲ್ಲಿಗೆ ಇದು ಸ್ಟ್ಯಾಮಿನಾ ವಿಷಯ ಅಲ್ಲ ಅಂತಾಯ್ತಲ್ಲ? ಆದರೂ ದಡದಿಂದ ಬರುವ ಸಲಹೆ ಮಾತ್ರ ಒಂದೇ: “ಸಾರ್, ಕಾಲು ಜೋರಾಗಿ ಹೊಡೀರಿ!”

ಮೂವತ್ತು ದಾಟಿದ ಮೇಲೆ ನೀರಿಗಿಳಿದವರಿಗೆ ಇದಕ್ಕಿಂತ ದುಬಾರಿ ಸಲಹೆ ಇನ್ನೊಂದಿಲ್ಲ ಅಂತ ನನ್ನ ಅನಿಸಿಕೆ.

ಯಾಕೆ ಅಂದ್ರೆ, ಫ್ರೀಸ್ಟೈಲ್‌ನಲ್ಲಿ ನಮ್ಮನ್ನು ಮುಂದೆ ಒಯ್ಯೋದು ಬಹುಪಾಲು ಕೈಗಳೇ. ತೊಡೆಯ ಸ್ನಾಯುಗಳು ದೊಡ್ಡವು, ಆಮ್ಲಜನಕ ನುಂಗೋದೂ ಜಾಸ್ತಿ. ಮಕ್ಕಳ ಪಾದದ ಕೀಲು ಮೀನಿನ ಬಾಲದ ಹಾಗೆ ಬಳುಕುತ್ತೆ, ಅವರಿಗೆ ಕಾಲು ಹೊಡೆದರೆ ಲಾಭ ಇದೆ. ವರ್ಷಗಟ್ಟಲೆ ಬೂಟು ಹಾಕಿ ಓಡಾಡಿದ ನಮ್ಮ ಕೀಲು ಬಾಗಿಲಿನ ತುಕ್ಕುಹಿಡಿದ ಕೀಲಿನ ಥರ. ಕಿಕ್‌ಬೋರ್ಡ್ ಹಿಡಿದು ಪಟಪಟ ಅಂತ ಒದೀತಾ ನಿಂತಲ್ಲೇ ನಿಂತಿರುವವರನ್ನ ನೀವೂ ನೋಡಿರ್ತೀರಿ. ದೂರ ಈಜುವವರಲ್ಲಿ ಎಷ್ಟೋ ಜನ ಎರಡು ಕೈ ಬೀಸಿಗೆ ಎರಡೇ ಸಲ ಕಾಲು ಆಡಿಸ್ತಾರೆ. ನಮಗೆ ಅಷ್ಟು ಸಾಕು, ಧಾರಾಳ ಸಾಕು.

ಇನ್ನು ಏದುಸಿರಿನ ಅಸಲಿ ಕಾರಣ. ಮುಖ ನೀರೊಳಗೆ ಹೋದ ತಕ್ಷಣ ಹೆಚ್ಚಿನವರು ಉಸಿರು ಬಿಗಿಹಿಡೀತಾರೆ. ಬಾಯಿ ಮೇಲೆ ಬರೋದು ಅರೆಕ್ಷಣ. ಅಷ್ಟರಲ್ಲೇ ಬಿಡಬೇಕು, ಅಷ್ಟರಲ್ಲೇ ಎಳೀಬೇಕು. ಹೇಗಾಗುತ್ತೆ ಹೇಳಿ? ಆ ಉಸಿರುಗಟ್ಟಿದ ಅನುಭವಕ್ಕೆ ಮುಖ್ಯ ಕಾರಣ ಒಳಗೆ ಸೇರಿಕೊಂಡ ಇಂಗಾಲದ ಡೈಆಕ್ಸೈಡ್. ಅದನ್ನ ನೀರೊಳಗೇ ಮೂಗಿನಿಂದ ಗುಳುಗುಳು ಅಂತ ಬಿಡ್ತಾ ಇದ್ರೆ, ತಲೆ ಹೊರಳಿದಾಗ ಎಳೆದುಕೊಳ್ಳುವ ಕೆಲಸವೊಂದೇ ಉಳಿಯುತ್ತೆ. ಎದೆಮಟ್ಟದ ನೀರಲ್ಲಿ ಗೋಡೆ ಹಿಡಿದು ನಿಂತು ಇಪ್ಪತ್ತು ಸಲ ಮುಳುಗಿ ಎದ್ದು ಇದೊಂದನ್ನೇ ಅಭ್ಯಾಸ ಮಾಡಿ. ಪಕ್ಕದವರು ನೋಡಿ ನಗ್ತಾರೆ. ನಗಲಿ ಬಿಡಿ.

ಆಮೇಲೆ ತಲೆ. ಹಳ್ಳಿ ಬಾವೀಲಿ, ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಕಲಿತವರನ್ನ ನೋಡಿದರೆ ಗುರುತು ಸಿಗುತ್ತೆ: ತಲೆ ನೀರಿನ ಮೇಲೇ ಇರುತ್ತೆ. ಅದು ತಪ್ಪು ಅಂತ ಮೂಗು ಮುರಿಯೋದು ನನಗೆ ಸರಿ ಕಾಣಲ್ಲ. ಬಾವೀಲಿ ಮೇಲಿಂದ ಯಾರು ಧುಮುಕ್ತಾರೆ, ಮೆಟ್ಟಿಲು ಎಲ್ಲಿದೆ ಅಂತ ನೋಡ್ತಾನೇ ಇರಬೇಕು. ಜೊತೆಗೆ ಅವರಿಗೆ ನೀರಿನ ಭಯ ಇರಲ್ಲ. ಕೊಳಕ್ಕೆ ಬರುವ ಅರ್ಧ ಜನಕ್ಕೆ ಇಲ್ಲದ ಆಸ್ತಿ ಅದು. ಆದರೆ ಕೊಳದಲ್ಲಿ ಉದ್ದಕ್ಕೆ ಈಜುವಾಗ ದೇಹ ಏತದ ಹಾಗೆ: ಈ ತುದಿ ಎತ್ತಿದರೆ ಆ ತುದಿ ಇಳಿಯುತ್ತೆ. ಗಾಳಿ ತುಂಬಿದ ಎದೆ ತೇಲುತ್ತೆ, ಕಾಲು ಮುಳುಗುತ್ತೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ, ಅದರಲ್ಲಿ ಓರೆಯಾಗಿ ಮೈ ಎಳೆದುಕೊಂಡು ಹೋಗೋದು ಅಂದ್ರೆ ಬ್ರೇಕ್ ಹಿಡಿದೇ ಗಾಡಿ ಓಡಿಸಿದ ಹಾಗೆ. ಕಣ್ಣು ಕೆಳಗಿನ ಕಪ್ಪು ಟೈಲ್ಸ್ ಗೆರೆ ಮೇಲಿರಲಿ. ಉಸಿರಿಗೆ ತಲೆ ಎತ್ತಬೇಡಿ, ಮೈ ಜೊತೆಗೇ ಹೊರಳಿಸಿ. ಒಂದು ಗಾಗಲ್ ನೀರೊಳಗೆ, ಒಂದು ಹೊರಗೆ.

ಭುಜ ನೋಯುತ್ತಿದ್ದರೆ, ಕೈ ನೀರಿಗೆ ಬೀಳುವಾಗ ತಲೆಯ ಮುಂದೆ ಅಡ್ಡ ದಾಟುತ್ತಿದೆಯಾ ನೋಡಿಕೊಳ್ಳಿ. ಎರಡು ಕೈ, ಎರಡು ರೈಲು ಹಳಿ.

ಕೋಚ್‌ಗಳನ್ನ ಬೈಯೋಕೆ ಇದನ್ನ ಬರೀತಿಲ್ಲ. ಒಂದು ಬ್ಯಾಚಲ್ಲಿ ಇಪ್ಪತ್ತು ಜನ, ಮುಕ್ಕಾಲು ಗಂಟೆ ಇದ್ದರೆ ಯಾರೇ ಆದರೂ ದಡದಿಂದ ಕೂಗೋದೇ. ನನ್ನ ಸಿಟ್ಟು ಇರೋದು ಬೇಸಿಗೆ ಶಿಬಿರದ ಮಕ್ಕಳ ಪಾಠವನ್ನೇ ದೊಡ್ಡವರಿಗೂ ಬಡಿಸೋ ಪದ್ಧತಿ ಮೇಲೆ. ಮಂಡಿ ನೋವು, ಓಡಬೇಡಿ, ಈಜಿ ಅಂತ ಡಾಕ್ಟರು ಕಳಿಸಿದ ನಲವತ್ತೈದರ ಹೆಂಗಸು ಒಂದು ತಿಂಗಳು ಕಾಲು ಬಡಿದು ಸುಸ್ತಾಗಿ “ನನ್ ಕೈಲಾಗಲ್ಲ ಬಿಡಿ” ಅಂತ ಹೋದರೆ ಮತ್ತೆ ಬರಲ್ಲ. ಅವರಿಗೆ ಬೇರೆ ವ್ಯಾಯಾಮದ ದಾರಿ ಹೆಚ್ಚು ಉಳಿದಿರೋದೂ ಇಲ್ಲ.

ಹಾಗಾಗಿ ದಮ್ಮು ಕಟ್ಟಿ 200 ಮೀಟರ್ ಎಳೆಯೋ ಬದಲು 25ರ ಎಂಟು ತುಂಡು ಮಾಡಿ, ಪ್ರತಿ ತುಂಡಿನ ನಂತರ ಉಸಿರು ಹದಕ್ಕೆ ಬರುವ ತನಕ ನಿಲ್ಲಿ. ಹಿಂದಿನವರಿಗೆ ದಾರಿ ಬಿಟ್ಟು ನಿಂತರೆ ಆಯ್ತು, ನಾಚಿಕೆ ಯಾಕೆ?

ಮುಂದಿನ ಭಾಗ ನೀರೊಳಗೆ ಮೊಣಕೈ ಎಲ್ಲಿರಬೇಕು ಅನ್ನೋದರ ಬಗ್ಗೆ. ಅಷ್ಟರೊಳಗೆ ಒಂದು ಸಲ 25 ಮೀಟರ್‌ಗೆ ಎಷ್ಟು ಕೈ ಬೀಸ್ತೀರಿ ಅಂತ ಎಣಿಸಿ ಕಾಮೆಂಟ್‌ನಲ್ಲಿ ಹಾಕಿ. ಸುಳ್ಳು ಹೇಳಬೇಡಿ ಮತ್ತೆ!

#ದೊಡ್ಡವರಈಜು #ಈಜುಕೊಳ #ಕನ್ನಡ