ಮಕ್ಕಳ ಶಿಕ್ಷಣ: ಮುಂದಾಳತ್ವ ಪೋಷಕರ ಕೈಗೆ ಬರಲಿ

ಸರ್ಕಾರಿ ಶಾಲೆಯ ಪರವಾಗಿ ಮಾತನಾಡುವ ಸಂಘಟನೆಗಳಲ್ಲಿ ಆ ಶಾಲೆಗೆ ಮಗುವನ್ನು ಕಳುಹಿಸುವವರೇ ಇಲ್ಲದಿದ್ದರೆ ಹೇಗೆ?

ಶಾಂತಾ ಸಿನ್ಹಾ ಅವರಿಗೆ 2003ರಲ್ಲಿ ರಾಮೊನ್ ಮ್ಯಾಗ್ಸೆಸೆ ಪ್ರಶಸ್ತಿ ಬಂದಿದ್ದು ‘ಸಮುದಾಯ ನಾಯಕತ್ವ’ ವಿಭಾಗದಲ್ಲಿ. ಅವಿಭಜಿತ ಆಂಧ್ರಪ್ರದೇಶದ ರಂಗಾರೆಡ್ಡಿ ಜಿಲ್ಲೆಯ ಹಳ್ಳಿಗಳಲ್ಲಿ ಜೀತಕ್ಕೆ, ಕೂಲಿಗೆ ಹೋಗುತ್ತಿದ್ದ ಮಕ್ಕಳನ್ನು ಶಾಲೆಗೆ ಕರೆತಂದ ಕೆಲಸಕ್ಕೆ ಸಂದ ಗೌರವ ಅದು. 2025ರಲ್ಲಿ ಅದೇ ಪ್ರಶಸ್ತಿ ‘ಎಜುಕೇಟ್ ಗರ್ಲ್ಸ್’ಗೆ ಬಂತು. ಭಾರತದ ಸಂಸ್ಥೆಯೊಂದಕ್ಕೆ ಈ ಪ್ರಶಸ್ತಿ ದೊರೆತದ್ದು ಅದೇ ಮೊದಲು. ಸಫೀನಾ ಹುಸೇನ್ 2007ರಲ್ಲಿ ರಾಜಸ್ಥಾನದಲ್ಲಿ ಆರಂಭಿಸಿದ ಈ ಸಂಸ್ಥೆಯ ಬಲ ಇರುವುದು ಮನೆ ಮನೆಗೆ ಹೋಗಿ, ಶಾಲೆ ಬಿಟ್ಟ ಹೆಣ್ಣುಮಕ್ಕಳನ್ನು ಗುರುತಿಸುವ ಆಯಾ ಊರಿನ ಸ್ವಯಂಸೇವಕರಲ್ಲಿ.

ಈ ಎರಡು ಪ್ರಶಸ್ತಿಗಳ ನಡುವಿನ ಅವಧಿಯಲ್ಲಿ ದೇಶದ ಶಿಕ್ಷಣದ ಚಿತ್ರ ಬಹಳ ಬದಲಾಗಿದೆ. ಶಿಕ್ಷಣ ಹಕ್ಕು ಕಾಯ್ದೆ ಬಂತು, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ ಹರಿಯಿತು, ಸಮೀಕ್ಷೆಗಳು ಹೆಚ್ಚಿದವು. ಒಂದು ಪ್ರಶ್ನೆಗೆ ಮಾತ್ರ ಇನ್ನೂ ಸರಿಯಾದ ಉತ್ತರ ಸಿಕ್ಕಿಲ್ಲ. ಮಕ್ಕಳ ಶಿಕ್ಷಣಕ್ಕಾಗಿ ದನಿ ಎತ್ತುವ ಸಂಘಟನೆಯ ಚುಕ್ಕಾಣಿ ಯಾರ ಕೈಯಲ್ಲಿರಬೇಕು? ಯಾರ ಮಗು ಆ ಶಾಲೆಯ ಬೆಂಚಿನ ಮೇಲೆ ಕೂರುತ್ತದೆಯೋ ಅವರ ಕೈಯಲ್ಲಿರಬೇಕು ಎಂಬುದು ನನ್ನ ನಿಲುವು. ತಜ್ಞರು, ಸಂಸ್ಥಾಪಕರು, ದಾನಿಗಳು ಎಲ್ಲರೂ ಬೇಕು. ಆದರೆ ಅವರು ನಿಲ್ಲಬೇಕಾದದ್ದು ಪೋಷಕರ ಬೆನ್ನ ಹಿಂದೆ.

ಸಿನ್ಹಾ ಅವರ ಎಂ.ವಿ. ಪ್ರತಿಷ್ಠಾನದ ಅನುಭವವನ್ನೇ ನೋಡೋಣ. ಮಾಮಿಡಿಪೂಡಿ ವೆಂಕಟರಂಗಯ್ಯ ಅವರ ಹೆಸರಿನಲ್ಲಿ 1981ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ 1990ರ ದಶಕದ ಆರಂಭದಲ್ಲಿ ಬಾಲಕಾರ್ಮಿಕರ ವಿಚಾರವನ್ನು ಕೈಗೆತ್ತಿಕೊಂಡಿತು. ಬಡವರಿಗೆ ಮಕ್ಕಳ ದುಡಿಮೆ ಅನಿವಾರ್ಯ, ಅವರಿಗೆ ಶಿಕ್ಷಣದ ಬೆಲೆ ಗೊತ್ತಿಲ್ಲ ಎಂಬ ಮಾತನ್ನು ಅಧಿಕಾರಿಗಳಿಂದ ವಿದ್ವಾಂಸರವರೆಗೆ ಎಲ್ಲರೂ ಆಗ ನಂಬಿದ್ದರು. ಹಳ್ಳಿಗಳಲ್ಲಿ ಕಂಡದ್ದು ಬೇರೆಯೇ. ಮಗು ಓದಲಿ ಎಂಬ ಆಸೆ ಕೂಲಿಕಾರ ತಾಯಿ–ತಂದೆಯರಿಗೆ ಇತ್ತು. ಅಡ್ಡಿಯಾಗಿದ್ದದ್ದು ಶಾಲೆಯ ಕಡೆಯ ತೊಡಕುಗಳು. ಹನ್ನೊಂದು ವರ್ಷದ ಹುಡುಗಿಯನ್ನು ಒಂದನೇ ತರಗತಿಯಲ್ಲಿ ಪುಟ್ಟ ಮಕ್ಕಳ ನಡುವೆ ಕೂರಿಸಿದರೆ ಆಕೆ ಎಷ್ಟು ದಿನ ಬಂದಾಳು? ಅದಕ್ಕಾಗಿ ಸೇತುಬಂಧ ಶಿಬಿರಗಳು ಹುಟ್ಟಿದವು. ಅಲ್ಲಿ ಕಲಿತ ಮಗು ತನ್ನ ವಯಸ್ಸಿಗೆ ತಕ್ಕ ತರಗತಿಗೆ ನೇರವಾಗಿ ಸೇರುತ್ತಿತ್ತು. ಮುಂದೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್, ವಯಸ್ಸಿಗೆ ತಕ್ಕ ತರಗತಿ ಮತ್ತು ವಿಶೇಷ ತರಬೇತಿಯನ್ನು ಹಕ್ಕಾಗಿಸಿತು.

ಈ ಸಂಸ್ಥೆಯ ನಿಲುವು ಕಟುವಾಗಿತ್ತು: ಶಾಲೆಯಿಂದ ಹೊರಗಿರುವ ಪ್ರತಿ ಮಗುವೂ ಬಾಲಕಾರ್ಮಿಕ. ಅಪಾಯಕಾರಿ ದುಡಿಮೆ, ಅಪಾಯವಿಲ್ಲದ ದುಡಿಮೆ ಎಂದು 1986ರ ಬಾಲಕಾರ್ಮಿಕ ಕಾಯ್ದೆ ಮಾಡಿದ್ದ ಭೇದವನ್ನು ಅದು ಒಪ್ಪಲಿಲ್ಲ. ಇಷ್ಟು ಗಟ್ಟಿಯಾದ ನಿಲುವನ್ನು ಹೊತ್ತು ಹಳ್ಳಿಯಲ್ಲಿ ಉಳಿಯುವುದು ಹೊರಗಿನಿಂದ ಬಂದವರಿಗೆ ಸಾಧ್ಯವಿರಲಿಲ್ಲ. ತಮ್ಮ ಮನೆಯಲ್ಲಿ ಮೊದಲು ಶಾಲೆ ಕಂಡ ಯುವಕ, ಯುವತಿಯರು ಸ್ವಯಂಸೇವಕರಾದರು. ಸರ್ಕಾರಿ ಶಿಕ್ಷಕರು ಬಾಲಕಾರ್ಮಿಕರ ವಿಮೋಚನೆಗೆ ತಮ್ಮದೇ ವೇದಿಕೆ ಕಟ್ಟಿದರು. ಪಂಚಾಯಿತಿ ಸದಸ್ಯರನ್ನಷ್ಟೇ ಅಲ್ಲ, ಮಕ್ಕಳನ್ನು ದುಡಿಸಿಕೊಳ್ಳುತ್ತಿದ್ದ ಜಮೀನ್ದಾರರನ್ನೂ ಮಾತುಕತೆಗೆ ಕರೆಯಲಾಯಿತು. 2007ರಲ್ಲಿ ಸಿನ್ಹಾ ಅವರು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮೊದಲ ಅಧ್ಯಕ್ಷರಾಗಿ ದೆಹಲಿಗೆ ಹೋದರು. ಸಂಸ್ಥೆಯ ಕೆಲಸ ನಿಲ್ಲಲಿಲ್ಲ. ಅಷ್ಟು ಹೊತ್ತಿಗೆ ಮುಂದಾಳತ್ವ ಊರೂರಿಗೆ ಹಂಚಿಹೋಗಿತ್ತು.

ಕರ್ನಾಟಕದ ಉದಾಹರಣೆಯೊಂದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆಯ ಬೆಂಬಲದಿಂದ 1990ರಲ್ಲಿ ದುಡಿಯುವ ಮಕ್ಕಳದೇ ‘ಭೀಮ ಸಂಘ’ ಹುಟ್ಟಿತು. ಕುಂದಾಪುರ ಭಾಗದಲ್ಲಿ ಮಕ್ಕಳ ಪಂಚಾಯಿತಿಗಳು ನಡೆದವು. 1996ರಲ್ಲಿ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ ದುಡಿಯುವ ಮಕ್ಕಳ ಪ್ರತಿನಿಧಿಗಳು ಕುಂದಾಪುರದಲ್ಲೇ ಸೇರಿ ಹತ್ತು ಅಂಶಗಳ ಘೋಷಣೆ ಹೊರಡಿಸಿದರು. ತಮ್ಮ ಪರಿಸ್ಥಿತಿಗೆ ಹೊಂದುವ ಶಿಕ್ಷಣ ಬೇಕೆಂಬ ಬೇಡಿಕೆ ಅದರಲ್ಲಿತ್ತು. ದುಡಿಮೆಯ ಪ್ರಶ್ನೆಯಲ್ಲಿ ಈ ಧಾರೆಗೂ ಎಂ.ವಿ. ಪ್ರತಿಷ್ಠಾನದ ಧಾರೆಗೂ ಅಜಗಜಾಂತರ. ಮಗು ದುಡಿಯಲೇಕೂಡದು ಎನ್ನುವುದು ಒಂದು. ದುಡಿಯುತ್ತಿರುವ ಮಗುವಿನ ಮಾತನ್ನು ಮೊದಲು ಕೇಳಿ ಎನ್ನುವುದು ಇನ್ನೊಂದು. ಇಷ್ಟು ದೂರದಲ್ಲಿ ನಿಂತ ಇಬ್ಬರೂ ನಾಯಕತ್ವದ ವಿಚಾರದಲ್ಲಿ ಒಂದೇ ಕಡೆ ಬಂದು ಸೇರುತ್ತಾರೆ. ನೋವು ಉಣ್ಣುವವರೇ ಮಾತನಾಡಬೇಕು ಎಂಬುದನ್ನು ಇಬ್ಬರೂ ನಡೆದು ತೋರಿಸಿದ್ದಾರೆ.

ಈ ವಾದಕ್ಕೆ ಗಟ್ಟಿಯಾದ ಆಕ್ಷೇಪವೂ ಇದೆ. ಅಭಿಜಿತ್ ಬ್ಯಾನರ್ಜಿ, ರುಕ್ಮಿಣಿ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಹ ಸಂಶೋಧಕರು ಉತ್ತರಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ ನಡೆಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಗ್ರಾಮ ಶಿಕ್ಷಣ ಸಮಿತಿಗೆ ಇರುವ ಅಧಿಕಾರಗಳೇನು, ಊರಿನ ಮಕ್ಕಳು ಎಷ್ಟು ಓದಬಲ್ಲರು ಎಂಬುದನ್ನು ಸಭೆ ಕರೆದು ಜನರಿಗೆ ತಿಳಿಸಲಾಯಿತು. ಅದರಿಂದ ಸಮಿತಿಗಳು ಚುರುಕಾಗಲಿಲ್ಲ, ಸರ್ಕಾರಿ ಶಾಲೆಯ ಪಾಠವೂ ಸುಧಾರಿಸಲಿಲ್ಲ. ಊರಿನ ಯುವಜನರಿಗೆ ತರಬೇತಿ ಕೊಟ್ಟು ಓದುವ ಶಿಬಿರ ನಡೆಸಿದ ಕಡೆ ಮಾತ್ರ, ಶಿಬಿರಕ್ಕೆ ಬಂದ ಮಕ್ಕಳ ಓದು ಗಮನಾರ್ಹವಾಗಿ ಸುಧಾರಿಸಿತು. ಪೋಷಕರ ಸಮಿತಿಯ ಮೇಲೆ ಭರವಸೆ ಇಡುವುದಕ್ಕಿಂತ ತರಬೇತಾದ ಕಾರ್ಯಕರ್ತರನ್ನು ನೇಮಿಸುವುದೇ ಲೇಸು ಎಂದು ಇದನ್ನು ಓದಿಕೊಂಡವರಿದ್ದಾರೆ.

ನಾನು ಅದನ್ನು ಬೇರೆ ರೀತಿ ಓದುತ್ತೇನೆ. ತಾವು ಸಮಿತಿಯ ಸದಸ್ಯರೆಂಬುದೇ ಅಲ್ಲಿನ ಎಷ್ಟೋ ಮಂದಿಗೆ ಗೊತ್ತಿರಲಿಲ್ಲ. ಹೆಸರಿಗಷ್ಟೇ ಇದ್ದ ಸಮಿತಿಗೆ ಮಾಹಿತಿ ಸುರಿದು, ಮರುದಿನ ಎದ್ದು ನಿಲ್ಲು ಎಂದರೆ ಅದು ನಿಲ್ಲುವುದಿಲ್ಲ. ಪ್ರಶ್ನೆ ಕೇಳಿದ ತಾಯಿಗೆ ಮುಖ್ಯ ಶಿಕ್ಷಕರಿಂದ, ಪಂಚಾಯಿತಿ ಸದಸ್ಯರಿಂದ ಬರುವ ಮೊದಲ ಉತ್ತರ ಅಸಡ್ಡೆ. ಎರಡನೇ ಸಲ ಕೇಳಬೇಕಾದರೆ ಆಕೆಯ ಜೊತೆ ಇನ್ನೂ ನಾಲ್ವರು ಇರಬೇಕು, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಅರ್ಜಿ ಬರೆದುಕೊಡಲು ಒಬ್ಬರು ಇರಬೇಕು, ಹಿಂಬರಹ ಬಾರದಿದ್ದರೆ ಮತ್ತೆ ಹೋಗುವ ಛಲ ಬೇಕು. ಒಂದು ದಿನದ ಸಭೆಗೆ ಇದು ಸಾಧ್ಯವಿಲ್ಲ. ವರ್ಷಗಟ್ಟಲೆ ಜೊತೆಗಿರುವ ಸಂಘಟನೆಗೆ ಮಾತ್ರ ಸಾಧ್ಯ. ಓದುವ ಶಿಬಿರ ನಡೆಸಿ ಗೆದ್ದ ಯುವಜನರೂ ಹೊರಗಿನವರಲ್ಲ, ಅದೇ ಊರಿನವರು ಎಂಬುದನ್ನೂ ಮರೆಯಬಾರದು.

ನಮ್ಮ ರಾಜ್ಯಕ್ಕೆ ಈ ವಿಚಾರದಲ್ಲಿ ಮುನ್ನಡೆ ಸಿಕ್ಕಿತ್ತು. ವಿಜ್ಞಾನಿ ರಾಜಾರಾಮಣ್ಣ ಅವರ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಚಿಂತನೆಯ ಬೆನ್ನಲ್ಲೇ, 2001ರಲ್ಲಿ ಕರ್ನಾಟಕ ಸರ್ಕಾರ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು, ಅಂದರೆ ಎಸ್‌ಡಿಎಂಸಿಗಳನ್ನು ರಚಿಸಿತು. ಕೇಂದ್ರದ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಅದರ 21ನೇ ಸೆಕ್ಷನ್ ಪ್ರಕಾರ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರಾಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ದುರ್ಬಲ ವರ್ಗದವರಿಗೆ ಅವರ ಸಂಖ್ಯೆಗೆ ತಕ್ಕ ಪ್ರಾತಿನಿಧ್ಯ ಸಿಗಬೇಕು. 22ನೇ ಸೆಕ್ಷನ್ ಇನ್ನೂ ಮುಂದೆ ಹೋಗುತ್ತದೆ. ಸಮಿತಿ ಸಿದ್ಧಪಡಿಸುವ ಶಾಲಾ ಅಭಿವೃದ್ಧಿ ಯೋಜನೆಯೇ ಸರ್ಕಾರದ ಅನುದಾನಕ್ಕೆ ಆಧಾರ ಎನ್ನುತ್ತದೆ. ಕೂಲಿ ಮಾಡುವ ತಾಯಿಗೆ ಇಷ್ಟು ದೊಡ್ಡ ಹಕ್ಕು ಕೊಟ್ಟ ಕಾನೂನುಗಳು ನಮ್ಮಲ್ಲಿ ಹೆಚ್ಚಿಲ್ಲ.

ಆದರೆ ಆಚರಣೆಯಲ್ಲಿ ಏನಾಗುತ್ತಿದೆ? ಸಭೆ ಕರೆಯುವುದು ಹಗಲು ಹೊತ್ತಿನಲ್ಲಿ. ಬಂದರೆ ಆ ದಿನದ ಕೂಲಿ ಹೋಗುತ್ತದೆ. ಎಷ್ಟೋ ಕಡೆ ನಡಾವಳಿ ಪುಸ್ತಕವೇ ಮನೆಗೆ ಬಂದು ಸಹಿ ಪಡೆದು ಹೋಗುತ್ತದೆ. ಮಹಿಳಾ ಸದಸ್ಯೆಯ ಬದಲು ಗಂಡ ಕುರ್ಚಿಯಲ್ಲಿ ಕೂರುತ್ತಾನೆ. ಅಧ್ಯಕ್ಷ ಸ್ಥಾನ ಪಂಚಾಯಿತಿ ರಾಜಕಾರಣದ ಮೆಟ್ಟಿಲಾಗುತ್ತದೆ. ಇಂಥ ಸ್ಥಿತಿಯಲ್ಲೂ ಎಸ್‌ಡಿಎಂಸಿಗಳು ಸಮನ್ವಯ ವೇದಿಕೆ ಕಟ್ಟಿಕೊಂಡು ಶಿಕ್ಷಕರ ಕೊರತೆ, ಶಾಲೆಗಳ ವಿಲೀನದಂಥ ಪ್ರಶ್ನೆಗಳನ್ನು ಸರ್ಕಾರದ ಮುಂದಿಟ್ಟಿವೆ. ಒಂಟಿ ಶಾಲೆಯ ಅರ್ಜಿ ಕಡತದಲ್ಲಿ ಮಲಗುತ್ತದೆ; ಶಾಲೆಗಳು ಒಟ್ಟಾಗಿ ಕೇಳಿದರೆ ಇಲಾಖೆ ಉತ್ತರಿಸಲೇಬೇಕಾಗುತ್ತದೆ. ಶಾಲೆಯಿಂದ ಹೊರಗುಳಿದ ಮಕ್ಕಳ ಬಗ್ಗೆ ಪತ್ರಿಕಾ ವರದಿ ಆಧರಿಸಿ ಕರ್ನಾಟಕ ಹೈಕೋರ್ಟ್ 2013ರಲ್ಲಿ ಸ್ವಯಂಪ್ರೇರಿತವಾಗಿ ವಿಚಾರಣೆ ಕೈಗೆತ್ತಿಕೊಂಡಿತ್ತು. ನ್ಯಾಯಾಲಯ ಸಮೀಕ್ಷೆಗೆ ಆದೇಶಿಸಬಲ್ಲದು. ಆದರೆ ಯಾವ ಮನೆಯ ಮಗು ಗುಳೆ ಹೋಗಿದೆ, ಯಾವ ಹುಡುಗಿಯನ್ನು ಏಳನೇ ತರಗತಿಗೆ ಬಿಡಿಸಿದ್ದಾರೆ ಎಂಬುದು ಗೊತ್ತಿರುವುದು ಓಣಿಯ ಜನರಿಗೆ.

ಬಿಸಿಯೂಟದ ಮೊಟ್ಟೆಯ ವಿಚಾರ ಇನ್ನೊಂದು ಪಾಠ ಹೇಳುತ್ತದೆ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳೂ ವಿಜಯಪುರವೂ ಸೇರಿದ ಭಾಗದಲ್ಲಿ ಮೊಟ್ಟೆ ಕೊಡಲು ಆರಂಭಿಸಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಮೊಟ್ಟೆ ನಮಗೆ ಬೇಕು ಎಂದು ಶಾಲಾ ಮಕ್ಕಳೇ ಬಹಿರಂಗವಾಗಿ ಹೇಳಿದರು. ಆ ಮಾತಿಗಿದ್ದ ತೂಕ ಯಾವ ತಜ್ಞರ ವರದಿಗೂ ಇರಲಿಲ್ಲ. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಮೂರು ವರ್ಷಗಳಿಗೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಒಪ್ಪಿತು. ವಾರಕ್ಕೆ ಎರಡು ದಿನ ಸಿಗುತ್ತಿದ್ದ ಮೊಟ್ಟೆ ಆರು ದಿನಕ್ಕೆ ವಿಸ್ತರಿಸಿತು. ಈ ನೆರವಿಗೆ ಕೃತಜ್ಞರಾಗಿರಬೇಕು. ಆದರೂ ಒಪ್ಪಂದದ ಅವಧಿ ಮುಗಿದ ಮೇಲೆ ಮಕ್ಕಳ ತಟ್ಟೆಯಲ್ಲಿ ಮೊಟ್ಟೆ ಉಳಿಯಬೇಕಾದರೆ, ಅದು ಬಜೆಟ್‌ನಲ್ಲಿ ಬರಲೇಬೇಕು ಎಂದು ಕೇಳುವವರು ಬೇಕು. ದಾನಿ ಆ ಬೇಡಿಕೆ ಇಡಲಾರರು. ತಾಯಂದಿರು ಇಡಬಲ್ಲರು.

ಹಣದ ಪ್ರಶ್ನೆ ನಾಯಕತ್ವವನ್ನು ಇನ್ನಷ್ಟು ಆಳವಾಗಿ ತಟ್ಟಿದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ವಿನಿಯೋಗಿಸಬೇಕೆಂದಿತು. ಶಿಕ್ಷಣಕ್ಕೆ ಅದರಲ್ಲಿ ದೊಡ್ಡ ಪಾಲು ಬಂದಿದೆ. ಆದರೆ ಕಂಪನಿಗೆ ಲೆಕ್ಕ ಕೊಡಲು ಸುಲಭವಾದದ್ದು ಕಟ್ಟಡ, ಕಂಪ್ಯೂಟರ್, ನೋಟ್‌ಬುಕ್. ಶಿಕ್ಷಕರ ನೇಮಕಕ್ಕಾಗಿ ಪೋಷಕರನ್ನು ಸಂಘಟಿಸಿದ ಕಾರ್ಯಕರ್ತೆಯ ಸಂಬಳವನ್ನು ಯಾವ ಕಾಲಂನಲ್ಲಿ ತೋರಿಸುವುದು? ಇನ್ನೊಂದು ಕಡೆ, ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿ, ಪಡೆದ ಹಣವನ್ನು ಬೇರೆ ಸಂಸ್ಥೆಗೆ ಹಂಚುವುದನ್ನು ನಿಷೇಧಿಸಿತು; ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ ಶೇ 20ಕ್ಕೆ ಇಳಿಸಿತು. ದೊಡ್ಡ ಸಂಸ್ಥೆಗಳ ಮೂಲಕ ನೆರವು ಪಡೆಯುತ್ತಿದ್ದ ತಾಲ್ಲೂಕು ಮಟ್ಟದ ಪುಟ್ಟ ಸಂಘಟನೆಗಳ ದಾರಿ ಮುಚ್ಚಿತು. ಪ್ರಶ್ನಿಸುವ ಕೆಲಸಕ್ಕಿಂತ ವಿತರಿಸುವ ಕೆಲಸ ಸುರಕ್ಷಿತವಾಯಿತು. ಇದರಿಂದ ಮುಂದಾಳುಗಳ ಸ್ವರೂಪವೂ ಬದಲಾಯಿತು. ಜನರ ನಡುವೆ ಕಳೆಯಬೇಕಾದ ಹೊತ್ತು ವರದಿ ಬರೆಯುವುದರಲ್ಲಿ ಕಳೆಯುತ್ತಿದೆ.

ಬಡ ಪೋಷಕರೆಲ್ಲರ ಹಿತ ಒಂದೇ ಎಂದೂ ತಿಳಿಯಬಾರದು. ಸಮೀಪದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಶಿಕ್ಷಣ ಹಕ್ಕು ಕಾಯ್ದೆಯಡಿ ಬಡ ಮಕ್ಕಳಿಗಿರುವ ಶೇ 25ರ ಮೀಸಲು ಸೀಟು ಇಲ್ಲವೆಂದು ರಾಜ್ಯ ಸರ್ಕಾರ 2019ರಲ್ಲಿ ನಿಯಮ ಬದಲಿಸಿದಾಗ, ಆ ಸೀಟನ್ನು ನೆಚ್ಚಿದ್ದ ಪೋಷಕರು ಹೈಕೋರ್ಟ್ ಮೆಟ್ಟಿಲೇರಿದರು. ಸರ್ಕಾರಿ ಶಾಲೆಗಳ ಉಳಿವಿಗಾಗಿ ದುಡಿಯುತ್ತಿದ್ದವರು ಬದಲಾವಣೆಯನ್ನು ಸ್ವಾಗತಿಸಿದರು. ಎರಡೂ ಕಡೆ ಇದ್ದದ್ದು ಮಗುವಿನ ಭವಿಷ್ಯದ ಚಿಂತೆಯೇ. ಇಂಥ ಹೊತ್ತಿನಲ್ಲಿ ಸಂಘಟನೆಯ ನಿಲುವನ್ನು ಬೆಂಗಳೂರಿನ ಕಚೇರಿಯಲ್ಲಿ ಇಬ್ಬರು, ಮೂವರು ಕೂತು ತೀರ್ಮಾನಿಸಿದರೆ ಅದು ಎಷ್ಟೇ ಸರಿಯಿದ್ದರೂ ಜನರದ್ದಾಗುವುದಿಲ್ಲ. ಸದಸ್ಯರ ಮುಂದೆ ಚರ್ಚಿಸಿ, ಒಪ್ಪದವರ ಮಾತನ್ನೂ ದಾಖಲಿಸಿ ತಳೆದ ನಿಲುವು ಮಾತ್ರ ಬಾಳುತ್ತದೆ.

ಹಾಗಾದರೆ ಆಗಬೇಕಾದದ್ದೇನು? ಶಿಕ್ಷಣಕ್ಕಾಗಿ ದುಡಿಯುವ ಪ್ರತಿ ಸಂಘಟನೆಯ ಕಾರ್ಯಕಾರಿ ಸಮಿತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸರ್ಕಾರಿ ಶಾಲೆಗೆ ಮಕ್ಕಳನ್ನು ಕಳುಹಿಸುವವರಿರಲಿ, ಅವರಲ್ಲಿ ತಾಯಂದಿರೇ ಹೆಚ್ಚಿರಲಿ. ಸಭೆಗೆ ಬರುವ ಕೂಲಿಕಾರರಿಗೆ ಆ ದಿನದ ಕೂಲಿ ಸಿಗಲಿ. ವಿಮಾನದಲ್ಲಿ ಬರುವ ತಜ್ಞರಿಗೆ ಭತ್ಯೆ ಕೊಡುವ ಸಂಸ್ಥೆಗೆ ಇದು ಭಾರವಾಗಬಾರದು. ಅಧ್ಯಕ್ಷರಿಗೂ ಕಾರ್ಯದರ್ಶಿಗೂ ಅವಧಿಯ ಮಿತಿ ಇರಲಿ. ಪ್ರಥಮ್‌ನಂಥ ದೊಡ್ಡ ಸಂಸ್ಥೆಯೇ ಸಹ ಸಂಸ್ಥಾಪಕ ಮಾಧವ್ ಚವಾಣ್ ಅವರಿಂದ ರುಕ್ಮಿಣಿ ಬ್ಯಾನರ್ಜಿ ಅವರಿಗೆ ಹೊಣೆ ದಾಟಿಸಿ ಮುಂದುವರಿದಿರುವಾಗ, ನಾನಿಲ್ಲದೆ ಸಂಸ್ಥೆ ನಡೆಯದು ಎಂಬ ಮಾತಿಗೆ ಆಧಾರವಿಲ್ಲ. ಸಂಸ್ಥೆಯ ಜಮಾ–ಖರ್ಚನ್ನು ಗ್ರಾಮಸಭೆಯಲ್ಲಿ ಓದಿ ಹೇಳಲಿ. ಸರ್ಕಾರವನ್ನು ಪ್ರಶ್ನಿಸುವ ಕೆಲಸಕ್ಕೆ ಬೇಕಾದ ಹಣದಲ್ಲಿ ಒಂದಷ್ಟಾದರೂ ಸದಸ್ಯತ್ವ ಶುಲ್ಕದಿಂದ, ಊರಿನ ವಂತಿಗೆಯಿಂದ ಬರಲಿ; ಹತ್ತು ರೂಪಾಯಿ ಕೊಟ್ಟವರು ಲೆಕ್ಕ ಕೇಳುತ್ತಾರೆ. ದಾನಿಗಳು ಸಂಘಟಕರ ಸಂಬಳಕ್ಕೆ ಐದಾರು ವರ್ಷಗಳ ಭರವಸೆ ಕೊಡಲಿ. ಶಿಕ್ಷಣ ಇಲಾಖೆ ಸಭೆಯ ಸಮಯವನ್ನು ಸಂಜೆಗೆ ಬದಲಿಸಲಿ, 22ನೇ ಸೆಕ್ಷನ್ನಿನ ಯೋಜನೆಗೆ ನಿಜಕ್ಕೂ ಹಣ ಕೊಡಲಿ.

ಇವುಗಳಲ್ಲಿ ಕೊನೆಯ ಎರಡಕ್ಕೆ ದಾನಿಗಳ, ಸರ್ಕಾರದ ಮನಸ್ಸು ಬೇಕು. ಉಳಿದೆಲ್ಲವೂ ಸಂಘಟನೆಗಳ ಕೈಯಲ್ಲೇ ಇವೆ. ಬೈಲಾ ತಿದ್ದಲು ಯಾವ ಸಚಿವರ ಅನುಮತಿಯೂ ಬೇಡ, ಒಂದು ಸರ್ವಸದಸ್ಯರ ಸಭೆ ಸಾಕು. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು ಎಂದು ಕಾನೂನು ಹೇಳುತ್ತದೆ. ಆ ಕಾನೂನು ಪಾಲಿಸಿ ಎಂದು ಸರ್ಕಾರವನ್ನು ಒತ್ತಾಯಿಸುವ ಸಂಘಟನೆಗಳು ಅದೇ ಅಳತೆಯನ್ನು ಮೊದಲು ತಮಗೆ ಅನ್ವಯಿಸಿಕೊಳ್ಳಬೇಕು. ಈ ವರ್ಷದ ಸರ್ವಸದಸ್ಯರ ಸಭೆಯಲ್ಲೇ ಆ ಕೆಲಸ ಶುರುವಾಗಲಿ.