ಇಂಗ್ಲಿಷ್ ಪಾಠ ಹೇಳೋಕೂ ಹುಟ್ಟು ಕೇಳ್ತಾರೆ



ಪೋಸ್ಟು ಸ್ವಲ್ಪ ಉದ್ದ ಇದೆ. ಮನೇಲಿ ಎಂಎ, ಬಿಎಡ್ ಮಾಡಿಕೊಂಡು ಕೆಲಸಕ್ಕೆ ಕಾಯ್ತಿರೋ ಮಕ್ಕಳಿದ್ರೆ ದಯವಿಟ್ಟು ಪೂರ್ತಿ ಓದಿ.

ಹೋದ ಭಾನುವಾರ ನಮ್ಮಕ್ಕನ ಮಗಳು ಮೊಬೈಲ್ ತಂದು ಮುಂದೆ ಹಿಡಿದಳು. ದಕ್ಷಿಣ ಕೊರಿಯಾದ ಒಂದು ಖಾಸಗಿ ಟ್ಯೂಷನ್ ಶಾಲೆಗೆ ಇಂಗ್ಲಿಷ್ ಟೀಚರ್ ಬೇಕಂತೆ. ಯಾವ ಡಿಗ್ರಿಯಾದರೂ ಸರಿ, ಅನುಭವ ಇಲ್ಲದಿದ್ದರೂ ನಡೆಯುತ್ತೆ, ಆದರೆ "ನೇಟಿವ್ ಸ್ಪೀಕರ್" ಆಗಿರಲೇಬೇಕು. ಇವಳು ಇಂಗ್ಲಿಷ್ ಎಂಎ, ಬಿಎಡ್. ನಾಲ್ಕು ವರ್ಷದಿಂದ ಸರ್ಕಾರಿ ಹೈಸ್ಕೂಲಲ್ಲಿ ಅತಿಥಿ ಶಿಕ್ಷಕಿ. ತಿಂಗಳಿಗೆ ಹತ್ತು-ಹನ್ನೆರಡು ಸಾವಿರ, ಅದೂ ಬಂದಾಗ ಬಂತು.

"ಮಾವ, ಇವರು ಹುಟ್ಟಿದ್ದೆಲ್ಲಿ ಅಂತ ಕೇಳ್ತಿದ್ದಾರೆ. ನನಗೆ ಎಷ್ಟು ಬರುತ್ತೆ ಅಂತ ಯಾರೂ ಕೇಳ್ತಿಲ್ವಲ್ಲ" ಅಂದಳು.

ನಾನು ಸುಮ್ಮನಾದೆ. ಹುಟ್ಟು ಕೇಳೋರನ್ನ ನಾವು ಹೊಸದಾಗಿ ನೋಡ್ತಿದ್ದೀವಾ?

ಕೊರಿಯಾದಲ್ಲಿ ಇಂಗ್ಲಿಷ್ ಕಲಿಸೋ ವೀಸಾ ಸಾಮಾನ್ಯವಾಗಿ ಸಿಗೋದು 7 ದೇಶದ ಪಾಸ್‌ಪೋರ್ಟ್ ಇರೋರಿಗೆ: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ದಕ್ಷಿಣ ಆಫ್ರಿಕಾದಲ್ಲಿ ಮನೇಲಿ ಇಂಗ್ಲಿಷ್ ಮಾತಾಡೋರು ನೂರಕ್ಕೆ ಹತ್ತು ಜನವೂ ಇಲ್ಲ. ಆದರೂ ಪಟ್ಟಿಯಲ್ಲಿದೆ. ನಮ್ಮ ಸುಪ್ರೀಂ ಕೋರ್ಟಿನ ಕಲಾಪ ಇಂಗ್ಲಿಷಲ್ಲಿ ನಡೀಬೇಕು ಅಂತ ಸಂವಿಧಾನದ 348ನೇ ವಿಧಿಯೇ ಹೇಳುತ್ತೆ. ಕೇರಿಗೆ ಬೆಂಕಿ ಬಿದ್ದ ಕೇಸಿನ ತೀರ್ಪೂ ನಮಗೆ ಸಿಗೋದು ಅದೇ ಭಾಷೇಲಿ. ಆದರೆ ನಾವು ಪಟ್ಟಿಯಲ್ಲಿಲ್ಲ.

ಬಾಬಾಸಾಹೇಬರನ್ನೇ ನೆನೆಸಿಕೊಳ್ಳಿ. ಕೊಲಂಬಿಯಾದ ಪಿಎಚ್‌ಡಿ, ಲಂಡನ್ನಿನ ಡಿಎಸ್ಸಿ, ಈ ದೇಶದ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರು. ಅವರೇ ಇವತ್ತು ಭಾರತದ ಪಾಸ್‌ಪೋರ್ಟ್ ಹಿಡಿದು ಆ ಟ್ಯೂಷನ್ ಶಾಲೆಗೆ ಅರ್ಜಿ ಹಾಕಿದ್ರೆ, ಅರ್ಜಿ ಬದಿಗೆ ಬೀಳುತ್ತೆ!

ಇದು ಜಾತಿಯೇ ಅಂತ ನಾನು ಹೇಳಲ್ಲ. ಪಾಸ್‌ಪೋರ್ಟ್ ಬದಲಾಗಬಹುದು, ಜಾತಿ ಬದಲಾಗಲ್ಲ. ಮೇಲ್ಜಾತಿ ಹುಡುಗನಿಗೂ ಆ ಬಾಗಿಲು ಮುಚ್ಚಿದೆ, ನಿಜ. ಆದರೆ ಪಕ್ಕದ ಬಾಗಿಲು ಎಲ್ಲಿದೆ ಅಂತ ಅವನಿಗೆ ಹೇಳೋಕೆ ಹೊರದೇಶದಲ್ಲಿ ಒಬ್ಬ ದೊಡ್ಡಪ್ಪನ ಮಗ ಇರ್ತಾನೆ. ನಮ್ಮ ಹುಡುಗಿಗೆ ಇರೋದು ಏಜೆಂಟ್ ಮಾತ್ರ. ವ್ಯತ್ಯಾಸ ಅಲ್ಲಿದೆ.

ಹಾಗಾದರೆ ಪಕ್ಕದ ಬಾಗಿಲು ಯಾವುದು? ಅದೇ ಕೊರಿಯಾದ ಜೊತೆ 2010ರಲ್ಲಿ ಜಾರಿಗೆ ಬಂದ ಆರ್ಥಿಕ ಒಪ್ಪಂದವಿದೆ. ಅದರಡಿ ಇಂಗ್ಲಿಷ್ ಪದವಿ, ಶಿಕ್ಷಕ ತರಬೇತಿ ಎರಡೂ ಇರೋ ಭಾರತೀಯರು ಅಲ್ಲಿನ ಶಾಲೆಗಳಲ್ಲಿ ಸಹಾಯಕ ಇಂಗ್ಲಿಷ್ ಶಿಕ್ಷಕರಾಗೋಕೆ ಅವಕಾಶ ಇದೆ. ನಮ್ಮ ಹುಡುಗಿಗೆ ಎರಡೂ ಇದೆ. ಅವಳಿಗೆ ಇದನ್ನ ಯೂನಿವರ್ಸಿಟಿಯಲ್ಲಿ ಯಾರೂ ಹೇಳಿರಲಿಲ್ಲ. ಥಾಯ್ಲೆಂಡಿನಲ್ಲಿ ಡಿಗ್ರಿ ಜೊತೆಗೆ ಐಇಎಲ್‌ಟಿಎಸ್ ಅಥವಾ ಟೋಯಿಕ್ ಅಂಕ ಕೇಳ್ತಾರೆ. ವಿಯೆಟ್ನಾಮಿನಲ್ಲಿ ಡಿಗ್ರಿ ಮತ್ತು ಇಂಗ್ಲಿಷ್ ಕಲಿಸೋ ಸರ್ಟಿಫಿಕೇಟ್ ಕೇಳ್ತಾರೆ. ಸರ್ಟಿಫಿಕೇಟ್ ಅಂದ ತಕ್ಷಣ ಫೇಸ್‌ಬುಕ್ಕಲ್ಲಿ ಆಫರ್ ಹಾಕೋರ ಹತ್ತಿರ ಓಡಬೇಡಿ. ಕೇಂಬ್ರಿಡ್ಜಿನ ಸೆಲ್ಟಾದಲ್ಲಿ ನಿಜವಾದ ವಿದ್ಯಾರ್ಥಿಗಳ ಮುಂದೆ ಕನಿಷ್ಠ 6 ಗಂಟೆ ಪಾಠ ಮಾಡಿ ತೋರಿಸಬೇಕು. ಬರೀ ವಿಡಿಯೋ ನೋಡಿಸಿ ಕೊಡೋ ಕಾಗದಕ್ಕೆ ಆ ಬೆಲೆ ಇಲ್ಲ.

ಇನ್ನು ಕಾಗದಪತ್ರ. ಇದು ನನ್ನ ಕ್ಷೇತ್ರ. ಇಪ್ಪತ್ತು ವರ್ಷದಿಂದ ಆಫೀಸಲ್ಲಿ ಫೈಲು ನೋಡ್ತಿರೋನು ನಾನು. ಹೊರದೇಶಕ್ಕೆ ಡಿಗ್ರಿ ತೋರಿಸಬೇಕಾದ್ರೆ ಮೊದಲು ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಅಪಾಸ್ಟಿಲ್ ಮುದ್ರೆ. ಅಪಾಸ್ಟಿಲ್ ಒಪ್ಪದ ದೇಶಕ್ಕೆ ಅವರ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಜೊತೆಗೆ ಪೊಲೀಸ್ ಕ್ಲಿಯರೆನ್ಸ್. ಇದೆಲ್ಲದರಲ್ಲೂ ಹೆಸರು ಒಂದೇ ಥರ ಇರಬೇಕು. ನಮ್ಮಲ್ಲಿ ಎಡವಟ್ಟಾಗೋದೇ ಇಲ್ಲಿ. ಇವಳ ಅಪ್ಪನ ಹೆಸರು ಆಧಾರ್‌ನಲ್ಲಿ ಕೆಂಪಯ್ಯ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿ ಕೆಂಪ. ಶಾಲೆಗೆ ಸೇರಿಸಿದ ದಿನ ದಾಖಲಾತಿ ಬರೆದ ಮೇಷ್ಟ್ರಿಗೆ ಆ "ಯ್ಯ" ಬರೆಯೋಕೆ ಕೈ ಬರಲಿಲ್ಲ. ನಮ್ಮ ಹಿರಿಯರಿಗೆ ಕೊಡದ ಆ ಒಂದು ಅಕ್ಷರ ಇವತ್ತು ಮಗಳ ಫೈಲನ್ನ ನಿಲ್ಲಿಸುತ್ತೆ. ಅದಕ್ಕೇ ಹೇಳ್ತೀನಿ, ಕೆಲಸ ಹುಡುಕೋ ಮೊದಲು ಹೆಸರು ಸರಿ ಮಾಡಿಸಿ.

ಏಜೆಂಟ್ ವಿಷಯ. ಇವಳಿಗೆ ಒಬ್ಬ ಫೋನ್ ಮಾಡಿ ಒಂದೂವರೆ ಲಕ್ಷ ಕೇಳಿದ. "ಮೊದಲು ಟೂರಿಸ್ಟ್ ವೀಸಾದಲ್ಲಿ ಹೋಗಮ್ಮ, ಆಮೇಲೆ ಅಲ್ಲೇ ಬದಲಾಯಿಸ್ಕೋಬಹುದು" ಅಂದನಂತೆ. ಅಕ್ಕ ಓಲೆ ಅಡ ಇಡೋಕೆ ರೆಡಿಯಾಗಿದ್ದಳು. ಸರ್ಕಾರದಲ್ಲಿ ನೋಂದಣಿಯಾದ ಏಜೆಂಟ್ ತಗೊಳ್ಳಬಹುದಾದ ಸೇವಾ ಶುಲ್ಕ ಗರಿಷ್ಠ 30,000 ರೂಪಾಯಿ, ಮೇಲೆ ಜಿಎಸ್‌ಟಿ. ನೋಂದಣಿ ಇದೆಯೋ ಇಲ್ಲವೋ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಬಹುದು. ಟೂರಿಸ್ಟ್ ವೀಸಾದಲ್ಲಿ ಹೋಗಿ ಪಾಠ ಹೇಳೋದು ಅಪರಾಧ, ಸಿಕ್ಕಿಬೀಳೋದು ಹುಡುಗಿ, ಏಜೆಂಟ್ ಅಲ್ಲ. ಥಾಯ್ಲೆಂಡಲ್ಲಿ ಕೆಲಸ ಅಂತ ನಂಬಿಸಿ ಮ್ಯಾನ್ಮಾರ್ ಗಡಿಯ ಸೈಬರ್ ವಂಚನೆ ಅಡ್ಡೆಗಳಿಗೆ ನಮ್ಮ ದೇಶದ ಹುಡುಗರನ್ನ ಸಾಗಿಸಿದ್ದು ಗೊತ್ತೇ ಇದೆ. ಅದರ ಬಗ್ಗೆ 2022ರಲ್ಲೇ ವಿದೇಶಾಂಗ ಸಚಿವಾಲಯ ಎಚ್ಚರಿಕೆ ಕೊಟ್ಟಿತ್ತು.

ಈಗ ನಮ್ಮವರದೇ ಒಂದು ಪ್ರಶ್ನೆ. ಮೊನ್ನೆ ಸಭೆಯಲ್ಲಿ ಹಿರಿಯ ಸಂಗಾತಿಯೊಬ್ಬರು ಕೇಳಿದ್ರು: "ಓದಿದ ಮಕ್ಕಳೆಲ್ಲ ಹೊರಗೆ ಹೋದ್ರೆ ನಮ್ಮ ಹಾಸ್ಟೆಲ್ ಮಕ್ಕಳಿಗೆ ಇಂಗ್ಲಿಷ್ ಯಾರಪ್ಪ ಕಲಿಸ್ತಾರೆ?" ಅವರ ಮೇಲೆ ನನಗೆ ಗೌರವ ಇದೆ, ಅವರ ಆತಂಕವೂ ಸುಳ್ಳಲ್ಲ. ಆದರೆ ನಾಲ್ಕು ವರ್ಷ ಕಲಿಸಿದವಳನ್ನ ಕಾಯಂ ಮಾಡದ ವ್ಯವಸ್ಥೆಗೆ ಕೇಳದ ಪ್ರಶ್ನೆಯನ್ನ ಅವಳಿಗೆ ಯಾಕೆ ಕೇಳಬೇಕು? ತ್ಯಾಗ ಯಾವಾಗಲೂ ನಮ್ಮ ಹೆಣ್ಣುಮಕ್ಕಳ ಪಾಲಿಗೇ ಯಾಕೆ? ಬಾಬಾಸಾಹೇಬರು 1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಲ್ಲಿ ಹಡಗು ಹತ್ತಿದಾಗ, ಹೋಗಬೇಡಪ್ಪ, ಇಲ್ಲೇ ಇದ್ದು ಪಾಠ ಹೇಳು ಅಂದಿದ್ರೆ ನಾವು ಇವತ್ತು ಎಲ್ಲಿರ್ತಿದ್ವಿ?

ಸರ್ಕಾರಕ್ಕೆ ನಮ್ಮ ಬೇಡಿಕೆ ಒಂದೇ. ಹೊರದೇಶದಲ್ಲಿ ಓದೋಕೆ ಪ್ರಬುದ್ಧ ಯೋಜನೆ ಇದೆ, ಒಳ್ಳೇದು. ಹೊರದೇಶದಲ್ಲಿ ಪಾಠ ಹೇಳೋಕೆ ಹೋಗೋರಿಗೂ ನೆರವು ಬೇಕು. ಐಇಎಲ್‌ಟಿಎಸ್ ಪರೀಕ್ಷೆಗೇ ಹದಿನೈದು ಸಾವಿರದ ಮೇಲಾಗುತ್ತೆ, ಅಂದ್ರೆ ಅತಿಥಿ ಶಿಕ್ಷಕಿಯ ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿ. ಪರೀಕ್ಷೆ ಶುಲ್ಕ, ತರಬೇತಿ, ಮುದ್ರೆಗಳ ಖರ್ಚು, ವಿಮಾನದ ಟಿಕೆಟ್, ಇಷ್ಟನ್ನ ಸಮಾಜ ಕಲ್ಯಾಣ ಇಲಾಖೆ ಭರಿಸಲಿ. ಮುಂದಿನ ಮನವಿಪತ್ರದಲ್ಲಿ ಇದನ್ನೂ ಸೇರಿಸೋಣ.

ಅಲ್ಲಿವರೆಗೆ ನಮ್ಮ ಕೈಲಾದದ್ದು ನಾವು ಮಾಡೋಣ. ನಮ್ಮೂರಿನ ಅಂಬೇಡ್ಕರ್ ಭವನದಲ್ಲಿ ಭಾನುವಾರ ಬೆಳಗ್ಗೆ ನಾನು ಕೂತಿರ್ತೀನಿ. ದಾಖಲೆಗಳನ್ನ ತನ್ನಿ, ಹೆಸರು ತಾಳೆ ನೋಡಿ ಅರ್ಜಿ ಬರೆದುಕೊಡ್ತೀನಿ, ದುಡ್ಡೇನೂ ಬೇಡ. ಬೇರೆ ತಾಲ್ಲೂಕುಗಳಲ್ಲಿ ಆಫೀಸ್ ಕೆಲಸ ಗೊತ್ತಿರೋ ಸಂಗಾತಿಗಳು ನೀವೂ ಕೂತ್ಕೊಳ್ಳಿ.

ಮೊದಲ ಅರ್ಜಿ ಬರೆದಾಗಿದೆ. ಕೆಂಪನಿಗೆ ಅವನ "ಯ್ಯ" ವಾಪಸ್ ಕೊಡಿಸೋ ಅರ್ಜಿ.

ಜೈಭೀಮ್.